ಗುಂಗುರು ಕೂದಲಿಗೆ ಕಟಿಂಗ್: ಅಳತೆ ಒಣಗಿದ ಮೇಲೆ

ಜೀನ್ಸ್ ಹೊಲಿಯುವ ಊರಿನವರಿಗೆ ಇದನ್ನು ಹೇಳುವುದು ಸುಲಭ. ಬಳ್ಳಾರಿಯ ಕಟಿಂಗ್ ಮಾಸ್ಟರ್ ತೊಳೆಯದ ಡೆನಿಮ್ ಬಟ್ಟೆಯನ್ನು ಅಳತೆಗೆ ಬಿಗಿಯಾಗಿ ಕತ್ತರಿಸುವುದಿಲ್ಲ. ವಾಷಿಂಗ್‌ಗೆ ಹೋಗಿ ಬಂದರೆ ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿ ಅಷ್ಟು ಹೆಚ್ಚು ಬಿಡುತ್ತಾರೆ. ಗುಂಗುರು ಕೂದಲೂ ಹಾಗೆಯೇ. ಒದ್ದೆಯಿದ್ದಾಗ ಹುಬ್ಬು ಮುಟ್ಟುವ ಎಳೆ, ಒಣಗಿದರೆ ಹಣೆಯ ಮೇಲಕ್ಕೆ ಸುರುಳಿ ಸುತ್ತಿ ಕೂರುತ್ತದೆ. ಅಕ್ಕನ ಮದುವೆಯ ಹಿಂದಿನ ದಿನ ನೀರು ಚಿಮುಕಿಸಿ ಕತ್ತರಿಸಿಕೊಂಡು ಬಂದ ನನ್ನ ತಲೆ ಮಂಟಪದಲ್ಲಿ ಹೇಗಿತ್ತು ಎಂಬುದಕ್ಕೆ ಆಲ್ಬಂ ಇದೆ.

ಮೊದಲ ಕೆಲಸ ಮನೆಯಲ್ಲೇ. ತಲೆಸ್ನಾನ ಮಾಡಿ, ಎಣ್ಣೆ-ಜೆಲ್ ಹಚ್ಚದೆ, ಬಾಚದೆ, ತಾನಾಗಿ ಒಣಗಲು ಬಿಡಿ. ನೆತ್ತಿಯ ಒಂದು ಎಳೆಯನ್ನು ಸ್ಕೇಲಿನ ಪಕ್ಕ ನೇರ ಎಳೆದು ಅಳೆಯಿರಿ, ಬಿಟ್ಟು ಮತ್ತೆ ಅಳೆಯಿರಿ. 4 ಇಂಚು ಇದ್ದದ್ದು ಎರಡೂವರೆಗೆ ಇಳಿದರೆ ಒಂದೂವರೆ ಇಂಚು ಸುರುಳಿಯೊಳಗೆ ಅಡಗಿದೆ ಎಂದರ್ಥ. ಅಂಗಡಿಯಲ್ಲಿ ಉದ್ದದ ಮಾತು ಬಂದಾಗ ಈ ಒಂದೂವರೆ ನೆನಪಿರಲಿ.

ಆಮೇಲೆ ಕನ್ನಡಿ. ಗುಂಗುರು ಕೂದಲು ಅಗಲಕ್ಕೆ ಉಬ್ಬುತ್ತದೆ, ಎಲ್ಲ ಕಡೆ ಒಂದೇ ಉದ್ದ ಬಿಟ್ಟರೆ ತಲೆ ಚೆಂಡಾಗುತ್ತದೆ. ದುಂಡು ಮುಖದವರು ಅಕ್ಕಪಕ್ಕ ಗಿಡ್ಡ ಮಾಡಿಸಿ ಮೇಲೆ ಎತ್ತರ ಬಿಡಲಿ. ಉದ್ದ ಮುಖಕ್ಕೆ ಇದರ ಉಲ್ಟಾ: ಅಕ್ಕಪಕ್ಕ ಸ್ವಲ್ಪ ಉಳಿಯಬೇಕು, ಮುಂದಿನ ಗುಂಗುರು ಹಣೆಗೆ ಇಳಿಯಬೇಕು. ಹಣೆ ಅಗಲವಿದ್ದರೂ ಅದೇ. ನೆತ್ತಿಯ ಸುಳಿಯನ್ನೂ ನೋಡಿ. ಎರಡು ಸುಳಿಯಿದ್ದರೆ ಎರಡು ಮದುವೆ ಎಂದು ಹಿರಿಯರು ನಗಾಡುತ್ತಾರೆ. ಅದು ಹೇಗೋ, ಸುಳಿಯ ಜಾಗದಲ್ಲಿ ತೀರಾ ಗಿಡ್ಡ ಮಾಡಿಸಿದರೆ ಕೂದಲು ಎದ್ದು ನಿಲ್ಲುತ್ತದೆ. ಹೆಲ್ಮೆಟ್ ಹಾಕಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಡ್ಯೂಟಿಗೆ ಓಡಾಡುವವರು ಮೇಲೆ ಬಹಳ ಎತ್ತರ ಬಿಡಿಸಿ ಪ್ರಯೋಜನವಿಲ್ಲ, ಗೇಟು ಮುಟ್ಟುವಷ್ಟರಲ್ಲಿ ಚಪ್ಪಟೆ.

ಭಾನುವಾರದ ರಶ್ಶಿನಲ್ಲಿ ಹೋಗಬೇಡಿ. ಮಂಗಳವಾರ ಬಹುತೇಕ ಕಟಿಂಗ್ ಶಾಪ್‌ಗಳಿಗೆ ರಜೆ. ಬುಧವಾರ, ಗುರುವಾರ ಬೆಳಿಗ್ಗೆ ಹೋದರೆ ನಿಮ್ಮ ಮಾತು ಕೇಳಲು ಅವರಿಗೂ ಪುರಸೊತ್ತು. ತೊಳೆದು ಒಣಗಿದ ಕೂದಲಲ್ಲೇ ಹೋಗಿ. ಹೀರೋ ಫೋಟೊ ತೋರಿಸುವುದಾದರೆ ಅವನ ಕೂದಲೂ ನಿಮ್ಮಷ್ಟೇ ಗುಂಗುರಾಗಿರಲಿ.

‘ಮೀಡಿಯಂ ಮಾಡಿ’ ಎಂದರೆ ಏನೂ ಹೇಳಿದಂತಲ್ಲ. ಹೀಗೆ ಹೇಳಿ: ‘ಅಣ್ಣಾ, ನೀರು ಹಚ್ಚಬ್ಯಾಡ್ರಿ, ಒಣಗಿದ್ದಂಗೇ ಕಟ್ ಮಾಡ್ರಿ. ಸೈಡಿಗೆ 3 ನಂಬರ್, ಕೆಳಗ 2. ಮ್ಯಾಲೆ ಮಷಿನ್ ಬ್ಯಾಡ, ಕತ್ತರೀಲೇ.’ ಮಷಿನ್ನಿನ 3 ನಂಬರ್ ಎಂದರೆ ಸುಮಾರು 10 ಮಿಲಿಮೀಟರ್, 2 ಎಂದರೆ 6. ಮೊದಲ ಸಲ ದೊಡ್ಡ ನಂಬರಿನಿಂದಲೇ ಶುರುಮಾಡಿಸಿ. ಹಲ್ಲಿನ ಕತ್ತರಿ ಕೈಗೆತ್ತಿಕೊಂಡರೆ ಕೂಡಲೇ ಬೇಡ ಅನ್ನಿ. ಕೂದಲು ದಪ್ಪವಿದೆ, ತೆಳುವು ಮಾಡುತ್ತೇನೆಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಸುರುಳಿಯ ನಡುವೆ ತುಂಡಾದ ಗಿಡ್ಡ ಎಳೆಗಳು ಗುಂಪಿಗೆ ಸೇರದೆ ಎದ್ದು, ತಲೆ ತೆಂಗಿನ ನಾರಿನಂತೆ ಕಾಣುತ್ತದೆ. ಫೇಡ್, ಅಂದರೆ ಕೆಳಗೆ ತೀರಾ ಗಿಡ್ಡವಾಗಿದ್ದು ಮೇಲೆ ಹೋದಂತೆ ಉದ್ದವಾಗುವ ಕಟಿಂಗ್, ಬೇಕೆಂದರೆ ಕಿವಿಯ ಹತ್ತಿರದ ಲೋ ಫೇಡ್ ಸಾಕು. ಅದೂ ಎರಡು-ಮೂರು ವಾರಕ್ಕೆ ಮಾಸುತ್ತದೆ, ಮತ್ತೆ ಹೋಗಿ ಕೂರುವ ಸೈರಣೆ ಇದ್ದರೆ ಮಾತ್ರ ಮಾಡಿಸಿ.

ಇನ್ನು ನಿರ್ವಹಣೆ. ನೆತ್ತಿಯ ಜಿಡ್ಡು ಸುರುಳಿಯ ತಿರುವುಗಳನ್ನು ದಾಟಿ ತುದಿಗೆ ಇಳಿಯುವುದಿಲ್ಲ, ಆದ್ದರಿಂದ ಗುಂಗುರು ಬೇಗ ಒಣಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲು ಅದಕ್ಕೆ ಜೊತೆ. ಗಡಸು ಬೋರ್ ನೀರಿನಲ್ಲಿ ಸೋಪು ಹಚ್ಚಿದರೆ ಬಿಳಿ ಪುಡಿಯಂಥ ಅಂಟು ಕೂದಲಲ್ಲೇ ಉಳಿಯುತ್ತದೆ, ಶಾಂಪೂ ಬಳಸಿ. ಟವೆಲ್ಲಿನಿಂದ ತಿಕ್ಕದೆ ಹಳೆಯ ಬನಿಯನ್ನಿನಲ್ಲಿ ಒತ್ತಿ ನೀರು ತೆಗೆಯಿರಿ. ಒದ್ದೆಯಿದ್ದಾಗ ಅಗಲ ಹಲ್ಲಿನ ಬಾಚಣಿಗೆ ಆಡಿಸಿ, ಎರಡು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಉಜ್ಜಿ ತುದಿಗೆ ಸವರಿ. ಒಣಗಿದ ಮೇಲೆ ಬಾಚಣಿಗೆ ಮುಟ್ಟಬೇಡಿ.

ಮದುವೆ-ಮುಂಜಿ ಇದ್ದರೆ ಎಂಟು-ಹತ್ತು ದಿನ ಮೊದಲೇ ಮಾಡಿಸಿ. ಒಮ್ಮೆ ತೊಳೆದು ಒಣಗಿಸಿದ ಮೇಲೂ ಉದ್ದ ಅನ್ನಿಸಿದರೆ ಮತ್ತೆ ಹೋಗಿ ಅರ್ಧ ಇಂಚು ತೆಗೆಸಬಹುದು. ಗಿಡ್ಡವಾದರೆ ಕಾಯುವುದೇ ದಾರಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಗುಂಗುರಿನಲ್ಲಿ ಅದರ ಅರ್ಧವೂ ಕಣ್ಣಿಗೆ ಕಾಣದಿರಬಹುದು.