ಅಟ್ಟದ ಮೇಲಿದ್ದ ಯುದ್ಧಕಾಲದ ಟ್ರಾನ್ಸ್‌ಮಿಟರ್

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದ ಮನೆಯ ಅಟ್ಟದಲ್ಲಿ ಅದು ಸಿಕ್ಕಿತು. ಬಿ.ಸಿ.-459. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳಲ್ಲಿ ಇರುತ್ತಿದ್ದ, ರೇಡಿಯೋ ಸಂಕೇತ ಕಳಿಸುವ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್. ಡಯಲ್ ಮೇಲೆ 7ರಿಂದ 9.1 ಮೆಗಾಹರ್ಟ್ಸ್. “ಇದು ಇನ್ನೂ ಸರಿಹೋಗುತ್ತಾ?” ಅಂದರು ತೋಟದ ಯಜಮಾನರು. ನೋಡೋಣ ಸಾರ್ ಅಂತ ಹಾಸನಕ್ಕೆ ತಂದೆ.

ತಂದ ಕೂಡಲೇ ಕರೆಂಟ್ ಕೊಡಬೇಡಿ. ಅದೇ ಆತುರದಲ್ಲಿ ಹಿಂದೆ ಒಂದು ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹಾಕಿದ್ದೇನೆ. ಅಂಥದ್ದು ಮತ್ತೆ ಸಿಗಲೇ ಇಲ್ಲ.

ಮಲೆನಾಡಿನ ಥಂಡಿ ಒಳಗೆಲ್ಲ ಇಳಿದಿತ್ತು. ವಾಲ್ವ್ ಎಂಬ ಗಾಜಿನ ಕೊಳವೆಗಳ ಸಾಕೆಟ್ಟುಗಳಲ್ಲಿ ಹಸಿರು ಕಿಲುಬು, ವೈರುಗಳ ಮೇಲೆ ಬೂಷ್ಟು. ಒರೆಸಿ ಒಣಗಿಸೋಕೆ ಎರಡು ಭಾನುವಾರ ಹೋಯಿತು.

ತೊಂದರೆ ಇದ್ದದ್ದು ಚಾರ್ಜ್ ಹಿಡಿದಿಡುವ ಹಳೇ ಕಾಗದದ ಕೆಪಾಸಿಟರಿನಲ್ಲಿ. ಮಲ್ಟಿಮೀಟರ್ ಇಟ್ಟರೆ ಚೆನ್ನಾಗೇ ಇದೆ ಅನ್ನಿಸಿತು. ಆದರೆ ಮೀಟರ್ ಕೊಡೋದು ಕೆಲವೇ ವೋಲ್ಟ್, ಸೆಟ್ಟಿನಲ್ಲಿ ಬರೋದು ನೂರಾರು, ಅಲ್ವಾ? ಒಂದು ಕಾಲು ಬಿಚ್ಚಿ, 300 ವೋಲ್ಟ್ ಕೊಟ್ಟು, ನಡುವೆ ಮುಳ್ಳಿನ ಮೀಟರ್ ಜೋಡಿಸಿದೆ. ಒಳ್ಳೆಯ ಕೆಪಾಸಿಟರ್ ಆದರೆ ಮುಳ್ಳು ಒಮ್ಮೆ ಎದ್ದು ಸೊನ್ನೆಗೆ ಇಳಿಯುತ್ತದೆ. ಇಲ್ಲಿ ಇಳಿಯಲೇ ಇಲ್ಲ, ಅಂದರೆ ಒಳಗೇ ಕರೆಂಟ್ ಸೋರುತ್ತಿದೆ. ಹಳೇ ಡಬ್ಬಿಯನ್ನು ಅಲ್ಲೇ ಬಿಟ್ಟು, ಅದರ ಕೆಳಗೆ ಹೊಸ ಫಿಲ್ಮ್ ಕೆಪಾಸಿಟರ್ ಹಾಕಿದೆ.

ಪವರ್ ಸಪ್ಲೈ ನಾನೇ ಕಟ್ಟಿದೆ. ವಾಲ್ವ್ ಬಿಸಿಯಾಗೋಕೆ 24 ವೋಲ್ಟ್, ಅದರೊಳಗಿನ ಪ್ಲೇಟಿಗೆ 400. ಇದು ಪ್ರಾಣ ತೆಗೆಯುವ ವೋಲ್ಟೇಜ್. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಚಾರ್ಜ್ ಉಳಿಯುತ್ತದೆ. ಅದು ಇಳಿಯಲಿ ಅಂತ ಅಡ್ಡಕ್ಕೆ ಒಂದು ರೆಸಿಸ್ಟರ್ ಹಾಕಿದ್ದೇನೆ. ಆದರೂ ಮೀಟರಿನಲ್ಲಿ ಸೊನ್ನೆ ನೋಡದೆ ಒಳಗೆ ಕೈ ಹಾಕುವುದಿಲ್ಲ.

ಆಂಟೆನಾ ಬದಲು ಡಮ್ಮಿ ಲೋಡ್ ಜೋಡಿಸಿದೆ, ಸಿಗ್ನಲ್ ಗಾಳಿಗೆ ಹೋಗದೆ ಅದರಲ್ಲೇ ಶಾಖವಾಗಲಿ ಅಂತ. 1 ಕಿಲೋ ಓಮ್, 2 ವ್ಯಾಟಿನ ಕಾರ್ಬನ್ ರೆಸಿಸ್ಟರ್ 20 ತಗೊಂಡು ಪ್ಯಾರಲಲ್ ಬೆಸೆದರೆ 50 ಓಮ್, 40 ವ್ಯಾಟ್. ಪರೀಕ್ಷೆಗೆ ಸಾಕು.

ಮೊದಲು ಹೀಟರ್ ಮಾತ್ರ ಹಚ್ಚಿದೆ. ಎರಡು 1625 ವಾಲ್ವುಗಳೂ ನಿಧಾನಕ್ಕೆ ಕೆಂಪಾದವು. ಆಮೇಲೆ ಪ್ಲೇಟ್ ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಏರಿಸಿದೆ. ಈ ಸೆಟ್ಟಿನೊಳಗೆ 8 ಮೆಗಾಹರ್ಟ್ಸ್‌ಗೆ ಕಂಪಿಸುವ ಕ್ರಿಸ್ಟಲ್ ಒಂದಿದೆ, ಡಯಲ್ ಸರಿಯಿದೆಯಾ ಅಂತ ನೋಡೋಕೆ. ಡಯಲನ್ನು 8ರ ಹತ್ತಿರ ತಂದೆ. ಕ್ರಿಸ್ಟಲಿಗೆ ಹೊಂದಿದ್ದನ್ನು ತೋರಿಸುವ ಮ್ಯಾಜಿಕ್ ಐ ವಾಲ್ವಿನ ಹಸಿರು ಬೆಳಕಿನಲ್ಲಿ ನೆರಳು ತಟ್ಟನೆ ಕದಲಿತು. ಡಯಲ್ ನೋಡಿದರೆ ಗೆರೆ 8ರ ಮೇಲೇ ಇತ್ತು! ನನಗೆ ಗಂಟಲು ಕಟ್ಟಿತು.

ಮೋರ್ಸ್ ಕೀ ಒತ್ತಿದಾಗ ಲೋಡಿನ ಮೇಲೆ 50 ವೋಲ್ಟ್ ಪೀಕ್ ಬಂತು, ಅಂದರೆ 25 ವ್ಯಾಟ್. ಪಕ್ಕದ ಕೋಣೆಯ ರಿಸೀವರಿನಲ್ಲಿ ಸ್ವರ ಕೇಳಿಸಿತು. ಪ್ರತಿ ಸಲ ಒತ್ತಿದಾಗಲೂ ಆ ಸ್ವರ ಕೊಂಚ ಜಾರುತ್ತದೆ. ಸಿಗ್ನಲ್ ಹುಟ್ಟಿಸುವ ಆಸಿಲೇಟರಿನ ವೋಲ್ಟೇಜ್ ಆ ಗಳಿಗೆಯಲ್ಲಿ ಕುಸಿಯುತ್ತಿದೆ. ವೋಲ್ಟೇಜ್ ಒಂದೇ ಸಮ ಇರಲಿ ಅಂತ ಅಲ್ಲಿಗೊಂದು ರೆಗ್ಯುಲೇಟರ್ ಕಟ್ಟುತ್ತಿದ್ದೇನೆ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದ್ದರೂ ಅದು ಸರಿಹೋಗುವ ತನಕ ಆಂಟೆನಾಗೆ ಜೋಡಿಸುವುದಿಲ್ಲ.