ಮೊದಲು ವಾಕ್ಯ, ಆಮೇಲೆ ಅರ್ಥ

‘ಅವನು ಬಡಪೆಟ್ಟಿಗೆ ಬಗ್ಗುವವನಲ್ಲ.’ ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ನನ್ನ ತಲೆಯಲ್ಲಿ ಇದಕ್ಕೊಂದು ಚಿತ್ರವೂ ಇತ್ತು. ಮೂಲೆಯಲ್ಲಿ ಒಂದು ಹಳೇ ಮರದ ಪೆಟ್ಟಿಗೆ. ಅದರ ಮುಂದೆ ಎಲ್ಲರೂ ಬಗ್ಗುತ್ತಾರೆ, ಇವನೊಬ್ಬ ಬಗ್ಗುವುದಿಲ್ಲ. ಪದ ಕೂಡಿಡಲು ಶುರು ಮಾಡಿದ ಮೊದಲ ವಾರವೇ ‘ಬಡಪೆಟ್ಟಿಗೆ: ಒಂದು ಬಗೆಯ ಪೆಟ್ಟಿಗೆ’ ಅಂತ ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಒಂದು ದಿನ ಗೆಳೆಯನೊಬ್ಬ ಆ ಸಾಲಿನ ಮೇಲೆ ಬೆರಳಿಟ್ಟ. ‘ಇದು ಪೆಟ್ಟಿಗೆ ಅಲ್ವೋ, ಪೆಟ್ಟು. ಬಡ ಪೆಟ್ಟು. ಸಣ್ಣಪುಟ್ಟ ಏಟಿಗೆಲ್ಲ ಜಗ್ಗಲ್ಲ ಅಂತ.’

ಆವತ್ತು ನೋಟ್‌ಬುಕ್ಕನ್ನು ಮೊದಲಿಂದ ತಿರುವಿ ಹಾಕಿದೆ. ಸುಮಾರು ಇನ್ನೂರು ಪದ ಇದ್ದವು. ಎಲ್ಲದರ ಎದುರಿಗೂ ಅರ್ಥ ಇತ್ತು. ಆದರೆ ಯಾವುದಕ್ಕೂ ವಾಕ್ಯ ಇರಲಿಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು, ಒಂದೂ ಇಲ್ಲ. ನನ್ನ ಊಹೆ ಯಾವುದು, ಕೇಳಿ ತಿಳಿದದ್ದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ‘ಬಡಪೆಟ್ಟಿಗೆ’ ಪಕ್ಕದಲ್ಲಿ ಪೂರ್ತಿ ವಾಕ್ಯ ಬರೆದುಕೊಂಡಿದ್ದರೆ, ನಾಲ್ಕು ಸಲ ಓದಿದಾಗ ಆ ‘ಗೆ’ ಕಣ್ಣಿಗೆ ಬೀಳುತ್ತಿತ್ತು. ಏಟಿಗೆ, ಮಾತಿಗೆ, ಪೆಟ್ಟಿಗೆ. ಅದು ಪದದ ಬಾಲವಲ್ಲ, ವಿಭಕ್ತಿ.

ಅಲ್ಲಿಂದ ನೋಟ್‌ಬುಕ್ ಬಿಟ್ಟು ಚೀಟಿಗೆ ಬಂದೆ. ಅಂಗೈ ಅಗಲದ ಚೀಟಿ. ಒಂದು ಚೀಟಿಗೆ ಒಂದೇ ಪದ. ಮೇಲೆ ಪದ, ಅದರ ಕೆಳಗೆ ಕೇಳಿದ ವಾಕ್ಯ, ಕೇಳಿದ ಹಾಗೇ. ಹೇಳಿದವರ ಹೆಸರು ಬರೆಯುವುದಿಲ್ಲ. ವಯಸ್ಸು ಎಷ್ಟಿರಬಹುದು, ಏನು ಕೆಲಸ, ಇಷ್ಟೇ. ಆಮೇಲೆ ತಾರೀಖು. ಅರ್ಥದ ಜಾಗದಲ್ಲಿ ನನ್ನ ಊಹೆಯನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಇನ್ನೊಬ್ಬರ ಬಾಯಲ್ಲಿ ಅದೇ ಅರ್ಥದಲ್ಲಿ ಕೇಳಿದರೆ, ಅಥವಾ ನಿಘಂಟಿನಲ್ಲಿ ಸಿಕ್ಕರೆ, ಆಗ ಪೆನ್ನಿನಲ್ಲಿ ತಿದ್ದುತ್ತೇನೆ. ಕೆಲವು ಚೀಟಿ ಎರಡು ದಿನದಲ್ಲಿ ಪೆನ್ನಿಗೆ ಬರುತ್ತವೆ. ಕೆಲವು ವರ್ಷಗಟ್ಟಲೆ ಪೆನ್ಸಿಲ್‌ನಲ್ಲೇ ಇರುತ್ತವೆ, ಇರಲಿ.

ಇದು ನಾನು ಕಂಡುಹಿಡಿದ ದಾರಿ ಏನಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕಟ್ಟಿದ್ದೇ ಹೀಗೆ. 1879ರಲ್ಲಿ ಅದರ ಸಂಪಾದಕ ಜೇಮ್ಸ್ ಮರ್ರೆ ಓದುಗರಿಗೆ ಒಂದು ಮನವಿ ಮಾಡಿಕೊಂಡರು. ನೀವು ಓದುವ ಪುಸ್ತಕದಲ್ಲಿ ಪದ ಸಿಕ್ಕರೆ, ಅದು ಬಂದ ವಾಕ್ಯ, ಪುಸ್ತಕದ ಹೆಸರು, ಪುಟ, ಇಸವಿ ಎಲ್ಲ ಚೀಟಿಯಲ್ಲಿ ಬರೆದು ಕಳಿಸಿ ಅಂತ. ಸಾಮಾನ್ಯ ಜನ ಲಕ್ಷಗಟ್ಟಲೆ ಚೀಟಿ ಕಳಿಸಿದರು. ಆ ರಾಶಿಯಲ್ಲಿ ‘ಬಾಂಡ್‌ಮೇಡ್’ ಅನ್ನುವ ಪದದ ಚೀಟಿಗಳು ಎಲ್ಲೋ ಕಳೆದುಹೋಗಿ, ಮೊದಲ ಆವೃತ್ತಿಯಲ್ಲಿ ಆ ಪದವೇ ಬಿಟ್ಟುಹೋಯಿತು. ಇದನ್ನು ಓದಿದ ಮೇಲೆ ನಾನು ಪ್ರತಿ ಭಾನುವಾರ ಆ ವಾರದ ಚೀಟಿಗಳನ್ನೆಲ್ಲ ಫೋನಿನಲ್ಲಿ ಫೋಟೋ ಹೊಡೆದು ಇಡುತ್ತೇನೆ. ಆ ಹತ್ತು ನಿಮಿಷ ತಪ್ಪಿಸಲ್ಲ.

ಕೇಳುವುದು ಹೇಗೆ ಅನ್ನುವುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು. ‘ಹಾಗಂದ್ರೆ ಏನು?’ ಅಂತ ಕೇಳಿದರೆ ಜನ ಗಲಿಬಿಲಿಯಾಗುತ್ತಾರೆ. ಆಡುವ ಮಾತಿಗೆ ಅರ್ಥ ಹೇಳುವ ಅಭ್ಯಾಸ ಯಾರಿಗೂ ಇರುವುದಿಲ್ಲ ನೋಡಿ. ‘ಹಾಗಂದ್ರೆ... ಹಾಗೇನೇ’ ಅಂದು ಸುಮ್ಮನಾಗಿಬಿಡುತ್ತಾರೆ. ಇಲ್ಲವಾದರೆ ಆ ಪದ ಬಿಟ್ಟು ಪುಸ್ತಕದ ಪದ ಹುಡುಕುತ್ತಾರೆ. ಆಮೇಲೆ ಅವರು ನಮ್ಮ ಮುಂದೆ ಆ ಹಳೇ ಮಾತು ಆಡುವುದೇ ಇಲ್ಲ. ಅದಕ್ಕೇ ನಾನು ಅರ್ಥ ಕೇಳುವುದನ್ನೇ ಬಿಟ್ಟೆ. ‘ಯಾವಾಗ ಹಾಗಂತೀರಿ?’ ಅಂತ ಕೇಳುತ್ತೇನೆ. ಬೇರೆ ಕಡೆಗೂ ಆ ಪದ ಹೊಂದುತ್ತಾ ಅಂತ ನಾನೇ ಒಂದು ವಾಕ್ಯ ಮಾಡಿ ಹೇಳುತ್ತೇನೆ. ತಪ್ಪಿದ್ದರೆ ತಕ್ಷಣ ತಿದ್ದುತ್ತಾರೆ. ಆ ತಿದ್ದುವ ಮಾತಿನಲ್ಲೇ ಅರ್ಥ ಇರುತ್ತದೆ.

‘ನಸುಕು’ ಅನ್ನುವ ಪದ ನನಗೆ ಹೀಗೆ ಸಿಕ್ಕಿತು. ಪದ ಗೊತ್ತಿತ್ತು, ಬೆಳಗಿನ ಜಾವ ಅಂತ ತಿಳಿದುಕೊಂಡಿದ್ದೆ. ದೊಡ್ಡಮ್ಮ ಮಾತಿನ ನಡುವೆ ‘ನಸುಕಿಗೇ ಎದ್ದು ಹೊರಟ್ವಿ’ ಅಂದರು. ನಾನು ಬೇಕಂತಲೇ ಹೇಳಿದೆ, ‘ಇವತ್ತು ನಾನೂ ನಸುಕಿಗೇ ಎದ್ದೆ ದೊಡ್ಡಮ್ಮ, ಆರೂವರೆಗೆ.’

‘ಆರೂವರೆ ಎಂಥಾ ನಸುಕೋ? ಅಷ್ಟೊತ್ತಿಗೆ ಬಿಸಿಲೇ ಬಂದಿರುತ್ತೆ.’

‘ಹಾಗಾದ್ರೆ ಐದು ಗಂಟೆನಾ?’

‘ಗಂಟೆ ಲೆಕ್ಕ ಅಲ್ಲ ಅದು. ಎದುರಿಗೆ ಯಾರೋ ಬರ್ತಿದಾರೆ ಅಂತ ಗೊತ್ತಾಗುತ್ತೆ. ಯಾರು ಅಂತ ಗೊತ್ತಾಗಲ್ಲ. ಅಷ್ಟು ಬೆಳಕಿದ್ರೆ ನಸುಕು.’

ನಾನು ಅದನ್ನು ಅಕ್ಷರ ಬಿಡದೆ ಬರೆದುಕೊಂಡೆ. ನಿಘಂಟಿನಲ್ಲಿ ನಸುಕಿಗೆ ಮುಂಜಾವು, ಮಬ್ಬುಬೆಳಕು ಅಂತ ಸಿಗುತ್ತದೆ. ಸರಿಯಾದ ಅರ್ಥವೇ. ಆದರೆ ದೊಡ್ಡಮ್ಮನ ಮಾತು ಕೇಳಿದ ಮೇಲೆ ನಸುಕನ್ನು ಮುಂಜಾವಿನಿಂದ ಬೇರೆ ಮಾಡಿ ನೋಡಲು ನನಗೆ ಸಾಧ್ಯವಾಯಿತು. ‘ನಸು’ ಅಂದರೆ ಸ್ವಲ್ಪ. ನಸುನಗು, ನಸುಗೆಂಪು ಎಲ್ಲ ಅದರ ಒಡಹುಟ್ಟುಗಳು. ಆ ಚೀಟಿಯ ಹಿಂದೆ ಇವೆರಡನ್ನೂ ಬರೆದೆ. ಒಂದು ಪದದ ಹಿಂದೆ ಅದರ ನೆಂಟರನ್ನು ಬರೆಯುವುದು ಅಲ್ಲಿಂದಲೇ ಶುರುವಾಯಿತು.

ಕೆಲಸದ ಪದಗಳು ಇನ್ನೊಂದು ಬಗೆ. ಬಾಗಿಲು ಕೂರಿಸುತ್ತಿದ್ದ ಬಡಗಿಯೊಬ್ಬರು ಸಹಾಯಕನಿಗೆ ‘ಎರಡು ನೂಲು ಜಾಸ್ತಿ ಆಯ್ತು, ತೆಗಿ’ ಅಂದರು. ನೂಲು ಅಂದರೆ ದಾರ ಅಲ್ವಾ? ‘ಎಷ್ಟಣ್ಣ ಅದು, ಎರಡು ನೂಲು?’ ಅಂತ ಕೇಳಿದೆ. ಅವರು ಅಳತೆಪಟ್ಟಿ ಎಳೆದು ಉಗುರಿನಿಂದ ತೋರಿಸಿದರು. ಒಂದು ಇಂಚಿಗೆ ಎಂಟು ನೂಲು. ಕಂಬಿ ಕಟ್ಟುವವರೂ ‘ಮೂರು ನೂಲಿನ ಕಂಬಿ’ ಅಂತಲೇ ಹೇಳುವುದು. ಎಳೆಯಷ್ಟು ಸಣ್ಣ ಅಳತೆಗೆ ನೂಲು ಅಂತ ಹೆಸರಿಟ್ಟವರು ಯಾರೋ, ಆ ಹೆಸರು ಎಷ್ಟು ಚೆನ್ನಾಗಿದೆ!

ಆ ಚೀಟಿಯಿಂದ ನಾನು ಅಳತೆಯ ಪದಗಳ ಬೆನ್ನು ಹತ್ತಿದೆ. ಹೆಬ್ಬೆರಳು, ತೋರುಬೆರಳು ಅಗಲಿಸಿದರೆ ಚೋಟು. ಹೆಬ್ಬೆರಳು, ಕಿರುಬೆರಳು ಅಗಲಿಸಿದರೆ ಗೇಣು. ಮೊಳಕೈಯಿಂದ ನಡುಬೆರಳ ತುದಿಗೆ ಮೊಳ. ಎರಡೂ ತೋಳು ಚಾಚಿದರೆ ಮಾರು. ಎರಡು ಬೆರಳ ತುದಿಗೆ ಸಿಕ್ಕಿದ್ದು ಚಿಟಿಕೆ, ಮುಷ್ಟಿಗೆ ಸಿಕ್ಕಿದ್ದು ಹಿಡಿ, ಎರಡು ಕೈ ಜೋಡಿಸಿದರೆ ಬೊಗಸೆ. ಈಗ ಯಾರೂ ಗೇಣಿನಲ್ಲಿ ಅಳೆಯಲ್ಲ. ಆದರೂ ‘ಚೋಟುದ್ದ ಇದಾನೆ, ಮಾತು ನೋಡು’ ಅನ್ನುತ್ತೇವೆ. ‘ಅವರನ್ನ ಕಂಡ್ರೆ ಮಾರು ದೂರ’ ಅನ್ನುತ್ತೇವೆ. ಅಳತೆ ಹೋಯಿತು, ನುಡಿಗಟ್ಟಿನೊಳಗೆ ಪದ ಉಳಿಯಿತು. ಇಂಥ ಉಳಿದುಕೊಂಡ ಪದಗಳ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಪ್ರೀತಿ. ‘ಸೊಲ್ಲೆತ್ತಲಿಲ್ಲ’ದ ಸೊಲ್ಲು, ‘ಚಕಾರ ಎತ್ತಲಿಲ್ಲ’ದ ಚಕಾರ. ಬಿಡಿಯಾಗಿ ಅವನ್ನು ಯಾರು ಆಡುತ್ತಾರೆ?

‘ಹೆಡೆಮುರಿ ಕಟ್ಟು’ ಕೂಡ ಅದೇ ಜಾತಿಯದು. ಕಳ್ಳರನ್ನು ಹಿಡಿದ ಸುದ್ದಿ ಬಂದಾಗಲೆಲ್ಲ ತಲೆಬರಹದಲ್ಲಿ ಇದು ಇರುತ್ತದೆ. ಹೆಡೆ ಅಂದ ತಕ್ಷಣ ಹಾವು ನೆನಪಾಗುತ್ತದೆ, ಹಾವಿನ ಹೆಡೆ ಮುರಿದ ಹಾಗೆ ಅಂತ ನಾನು ಪೆನ್ಸಿಲ್‌ನಲ್ಲಿ ಬರೆದಿದ್ದೆ. ನಿಘಂಟು ತೆಗೆದರೆ ಹಾವೇ ಇಲ್ಲ. ಅದು ‘ಹೆಡ’. ಹಿಂಭಾಗ ಅಂತ ಅರ್ಥ. ತಲೆಯ ಹಿಂಭಾಗಕ್ಕೆ ಹೆಡತಲೆ ಅಂತ ಈಗಲೂ ಹೇಳುವವರಿದ್ದಾರೆ. ಕೈ ಎರಡನ್ನೂ ಬೆನ್ನ ಹಿಂದಕ್ಕೆ ತಿರುಚಿ ಕಟ್ಟುವುದು ಹೆಡಮುರಿ. ಈಗ ನೀವು ‘ಹೆಡೆಮುರಿ ಕಟ್ಟಿದರು’ ಅಂತ ಓದಿದರೆ ಬೆನ್ನ ಹಿಂದಿನ ಆ ಎರಡು ಕೈ ಕಾಣುತ್ತದೆ. ನನಗಂತೂ ಕಾಣುತ್ತದೆ.

ಇಲ್ಲಿ ನಿಘಂಟು ನೋಡುವ ಬಗ್ಗೆ ಒಂದು ಮಾತು. ಹಳಗನ್ನಡದ ಪಕಾರ ಎಷ್ಟೋ ಪದಗಳಲ್ಲಿ ಹಕಾರ ಆಗಿದೆ. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಲ್ ಹಲ್ಲಾಯಿತು. ಹೆಡತಲೆಯೂ ಹಿಂದೆ ಪೆಡತಲೆ. ಹಾಗಾಗಿ ‘ಹ’ದಲ್ಲಿ ಸಿಗದ ಪದವನ್ನು ‘ಪ’ದಲ್ಲಿ ಹುಡುಕಿ. ನನಗೆ ಇದು ಗೊತ್ತಾಗುವ ಮೊದಲು ಎಷ್ಟೋ ಚೀಟಿಗಳ ಮೇಲೆ ‘ನಿಘಂಟಿನಲ್ಲಿ ಇಲ್ಲ’ ಅಂತ ತಪ್ಪಾಗಿ ಬರೆದಿದ್ದೆ. ಇನ್ನೊಂದು, ಬಿಟ್ಟುಹೋದ ಅಕ್ಷರಗಳು. ಹಳಗನ್ನಡದಲ್ಲಿ ‘ೞ’ ಅಂತ ಬೇರೆಯೇ ಒಂದು ಅಕ್ಷರ ಇತ್ತು. ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಈಗ ಎರಡೂ ಬಾಳು. ಹಳೇ ಪದ್ಯದಲ್ಲಿ ‘ಬಾಳು’ ಕಂಡರೆ ಯಾವ ಬಾಳು ಅಂತ ನಿಂತು ನೋಡಬೇಕು.

ನಾನು ಮೊದಲು ತೆಗೆಯುವುದು ಕಿಟ್ಟೆಲ್ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಕಿಟ್ಟೆಲ್ ಜರ್ಮನಿಯಿಂದ ಬಂದವರು. ಬರೀ ಅರ್ಥ ಕೊಟ್ಟು ಸುಮ್ಮನಾಗದೆ, ಆ ಪದ ಇರುವ ಗಾದೆಗಳನ್ನೂ ಪಕ್ಕದಲ್ಲಿ ಕೊಟ್ಟಿದ್ದಾರೆ. ಎಷ್ಟೋ ಸಲ ಅರ್ಥ ಗೊತ್ತಾಗುವುದು ಆ ಗಾದೆಯಿಂದಲೇ. ಹೆಚ್ಚು ಆಳಕ್ಕೆ ಹೋಗಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು. ಅದರಲ್ಲಿ ಶಾಸನದಿಂದ, ಕಾವ್ಯದಿಂದ ಎತ್ತಿದ ಸಾಲುಗಳಿವೆ. ಫೋನಿನಲ್ಲಿ ಬೇಗ ನೋಡಲು ‘ಅಲರ್’ ಇದೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ಕೋಶ ಅದು, 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಒಬ್ಬ ಮನುಷ್ಯನ ನಲವತ್ತು ವರ್ಷ ನನ್ನ ಜೇಬಿನಲ್ಲಿದೆ ಅಂತ ನೆನಪಾದಾಗ ನನ್ನ ಚೀಟಿ ಕೆಲಸಕ್ಕೆ ಹುರುಪು ಬರುತ್ತದೆ.

ಚೀಟಿಗಳನ್ನು ಜೋಡಿಸುವುದರಲ್ಲಿ ನಾನು ತುಂಬ ಸಮಯ ಕಳೆದಿಲ್ಲ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇದೆ, ಅಕಾರಾದಿ ಅದೇ ಮಾಡಿಕೊಳ್ಳುತ್ತದೆ. ಕಾಗದದ ಚೀಟಿಗಳನ್ನು ಮಾತ್ರ ಅಕಾರಾದಿಯಲ್ಲಿ ಇಡುವುದಿಲ್ಲ, ಗುಂಪು ಮಾಡಿ ಇಡುತ್ತೇನೆ. ಮೇಜಿನ ಮೇಲೆ ಹರಡಿಕೊಂಡರೆ ಒಂದರ ಪಕ್ಕ ಇನ್ನೊಂದು ಬಂದು ಏನೋ ಹೇಳುತ್ತವೆ. ಒಂದು ಸಂಜೆ ‘ಕಟ್ಟಕಡೆ’, ‘ನಟ್ಟನಡು’, ‘ಬಟ್ಟಬಯಲು’ ಮೂರೂ ಒಟ್ಟಿಗೆ ಕಂಡವು. ಬಟ್ಟಬಯಲಿನ ಬಟ್ಟ ಏನು ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಬಟ್ಟೆ ಇರಬಹುದಾ ಅಂತೆಲ್ಲ ಯೋಚಿಸಿದ್ದೆ. ಮೂರನ್ನೂ ಸಾಲಾಗಿ ಇಟ್ಟ ಮೇಲೆ ಗೊತ್ತಾಯಿತು. ಕಡೆ ಕಡೆ ಸೇರಿ ಕಟ್ಟಕಡೆ. ನಡು ನಡು ಸೇರಿ ನಟ್ಟನಡು. ಬಯಲು ಬಯಲು ಸೇರಿ ಬಟ್ಟಬಯಲು. ತುತ್ತತುದಿ, ಮೊತ್ತಮೊದಲು ಕೂಡ ಹಾಗೇ. ಒತ್ತಿ ಹೇಳಲು ಅದೇ ಪದವನ್ನು ಎರಡು ಸಲ ಹೇಳಿದ್ದು ಅಷ್ಟೆ. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿ ಅಂತ ಓದಿ ಅಂಕವನ್ನೂ ತೆಗೆದಿದ್ದೆ. ಆದರೆ ಅದು ಮನಸ್ಸಿಗೆ ಇಳಿದದ್ದು ಆ ಸಂಜೆ.

ನೋವು ಕೊಡುವ ಮಾತುಗಳೂ ಸಿಗುತ್ತವೆ. ಹೆಣ್ಣನ್ನು, ಜಾತಿಯನ್ನು, ಅಂಗವೈಕಲ್ಯವನ್ನು ಹೀಯಾಳಿಸುವ ಗಾದೆಗಳು ನಮ್ಮ ನುಡಿಯಲ್ಲಿ ಕಡಿಮೆ ಏನಿಲ್ಲ. ಅವನ್ನು ಬರೆದುಕೊಳ್ಳಬೇಕಾ ಬೇಡವಾ ಅಂತ ತುಂಬ ಯೋಚಿಸಿದೆ. ಬರೆದುಕೊಳ್ಳುತ್ತೇನೆ. ಜನ ಹಾಗೆ ಮಾತಾಡಿದರು ಅನ್ನುವುದನ್ನು ಅಳಿಸುವುದು ಸರಿ ಅಲ್ಲ. ಆದರೆ ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘ಹೀಯಾಳಿಕೆ’ ಅಂತ ಬರೆಯುತ್ತೇನೆ, ಯಾರನ್ನು ಅಂತಲೂ ಬರೆಯುತ್ತೇನೆ. ಬೇರೆಯವರಿಗೆ ತೋರಿಸುವಾಗ ಆ ಗುರುತನ್ನು ಬಿಟ್ಟು ಬರೀ ಗಾದೆ ತೋರಿಸುವುದಿಲ್ಲ. ಮತ್ತೆ, ಇಬ್ಬರು ತಮ್ಮ ಪಾಡಿಗೆ ಆಡುತ್ತಿರುವ ಗುಟ್ಟಿನ ಮಾತಿನಿಂದ ಪದ ಎತ್ತುವುದಿಲ್ಲ. ಎಷ್ಟೇ ಅಪರೂಪದ್ದಾಗಿರಲಿ, ಅದು ಅವರದು.

ಕಳೆದ ತಿಂಗಳು ದೊಡ್ಡಮ್ಮ ತಾವಾಗೇ ಫೋನ್ ಮಾಡಿದ್ದರು. ಈಗ ಅವರಿಗೂ ಇದು ಹಿಡಿದುಕೊಂಡಿದೆ.

‘ಬೆಳಕು ಹರೀತು ಅಂತೀವಲ್ಲ, ಅದನ್ನ ಬರ್ಕೊಂಡಿದೀಯಾ?’

‘ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ದೊಡ್ಡಮ್ಮ.’

‘ಗೊತ್ತಿರೋದೇ. ಆದ್ರೆ ನೋಡು, ನೀರೂ ಹರಿಯುತ್ತೆ. ಬಟ್ಟೆನೂ ಹರಿಯುತ್ತೆ. ಹಾವೂ ಹರಿದುಹೋಗುತ್ತೆ. ಬೆಳಕು ಇದ್ರಲ್ಲಿ ಯಾವ ಥರ ಹರಿಯುತ್ತೆ?’

ಹನ್ನೊಂದು ವರ್ಷದಲ್ಲಿ ‘ಹರಿ’ ಅಂತ ಒಂದು ಚೀಟಿಯನ್ನೂ ನಾನು ಬರೆದಿರಲಿಲ್ಲ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಇಟ್ಟುಕೊಂಡು ಚೀಟಿ ತೆಗೆದೆ. ‘ಒಂದೊಂದೇ ಹೇಳಿ ದೊಡ್ಡಮ್ಮ, ಪೂರ್ತಿ ವಾಕ್ಯ ಹೇಳಿ’ ಅಂದೆ.