ಅಲಾಯ್ ವೀಲ್‌ನ ಸಣ್ಣ ಗೀರು: ಮನೆಯಲ್ಲೇ ನಾನು ತೆಗೆಯುವ ರೀತಿ

ಅಲಾಯ್ ವೀಲ್ ಮೇಲೆ ಕಾಣುವ ಸಣ್ಣ ಗೀರುಗಳಲ್ಲಿ ಹೆಚ್ಚಿನವು ತೊಳೆಯುವಾಗ ಆದವು. ರಸ್ತೆಯನ್ನು ಸುಮ್ನೆ ಬೈಯುತ್ತೇವೆ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಬೆಳಿಗ್ಗೆ ನಿಂತು ನೋಡಿದರೆ ಸಾಕು: ಒಂದು ಬಕೆಟ್, ಒಂದು ಬಟ್ಟೆ, ಸಾಲಾಗಿ ಹತ್ತಾರು ಕಾರು. ಬಾನೆಟ್ ಒರೆಸಿ, ಬಾಗಿಲು ಒರೆಸಿ, ಕೊನೆಗೆ ಚಕ್ರ ಒರೆಸಿದ ಅದೇ ಬಟ್ಟೆ ಮುಂದಿನ ಕಾರಿಗೆ ಹೋಗುತ್ತದೆ. ಚಕ್ರಕ್ಕೆ ಅಂಟಿದ ಕಪ್ಪು ಧೂಳಿನಲ್ಲಿ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಸವೆದು ಉದುರಿದ ಕಬ್ಬಿಣದ ಪುಡಿ ಇರುತ್ತದೆ. ಅದನ್ನು ಅರ್ಧಂಬರ್ಧ ಒದ್ದೆ ಬಟ್ಟೆಯಲ್ಲಿ ತಿಕ್ಕಿದರೆ ಇನ್ನೇನಾಗುತ್ತದೆ? ಸಂಜೆ ಬಿಸಿಲಿಗೆ ಓರೆಯಾಗಿ ನೋಡಿ, ನಾರು ಹಾಕಿ ಉಜ್ಜಿದ ಸ್ಟೀಲ್ ತಟ್ಟೆಯ ಹಾಗೆ ಕಾಣುತ್ತದೆ.

"ಅಣ್ಣ, ಇನ್ಮೇಲೆ ಚಕ್ರ ಮುಟ್ಟಬೇಡಿ, ನಾನೇ ನೋಡ್ಕೋತೀನಿ" ಅಂತ ಕಾರು ಒರೆಸುವವರಿಗೆ ಹೇಳಿದೆ. "ಒಳ್ಳೇದೇ ಆಯ್ತು ಸಾರ್, ಸೊಂಟಕ್ಕೆ ಆರಾಮ" ಅಂದರು.

ಗೀರು ತೆಗೆಯುವ ಮೊದಲು ನೀವು ಉಜ್ಜುತ್ತಿರುವುದು ಏನನ್ನು ಅಂತ ಗೊತ್ತಿರಬೇಕು. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ಎಲ್ಲರೂ ಸೀದಾ ಯಾವ ಪಾಲಿಶ್ ಅಂತ ಶುರು ಮಾಡುತ್ತಾರೆ. ಇವತ್ತಿನ ಕಂಪನಿ ವೀಲ್‌ಗಳಲ್ಲಿ ಹೆಚ್ಚಿನವಕ್ಕೆ ಮೇಲೆ ಕ್ಲಿಯರ್ ಕೋಟ್ ಇರುತ್ತದೆ, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ. ನನ್ನ ಕಾರಿನದು ಡೈಮಂಡ್ ಕಟ್: ಮುಖವನ್ನು ಲೇತ್ ಮೇಲೆ ಕೊರೆದು, ಹೊಳೆಯುವ ಅಲ್ಯೂಮಿನಿಯಂ ಕಾಣಿಸಿ, ಅದರ ಮೇಲೆ ಕ್ಲಿಯರ್ ಕೋಟ್ ಹೊಡೆದಿರುತ್ತಾರೆ. ಆ ಪದರ ತುಂಬಾ ತೆಳು. ಅದು ಎಲ್ಲಾದರೂ ಒಡೆದರೆ ನೀರು ಒಳಗೆ ನುಗ್ಗಿ, ಅಡಿಯಲ್ಲಿ ಬಿಳಿ ಎಳೆ ಎಳೆಯಾಗಿ ತುಕ್ಕು ಹರಿಯುತ್ತದೆ. ಆಮೇಲೆ ಯಾವ ಪಾಲಿಶ್ ಹಾಕಿದರೂ ಹೋಗುವುದಿಲ್ಲ, ಯಾಕೆಂದರೆ ಕಲೆ ಇರುವುದು ಪದರದ ಕೆಳಗೆ.

ಹಾಗಾಗಿ ಒಂದು ಪರೀಕ್ಷೆ. ಬಿಳಿ ಬಟ್ಟೆಗೆ ಸ್ವಲ್ಪ ಮೆಟಲ್ ಪಾಲಿಶ್ ಹಾಕಿ, ಚೆನ್ನಾಗಿ ತೊಳೆದ ವೀಲ್‌ನ ಕಾಣದ ಮೂಲೆಯಲ್ಲಿ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರೀ ಲೋಹ. ಕಪ್ಪಾಗದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ. ಆಮೇಲೆ ಗೀರಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಒದ್ದೆಯಾದಾಗ ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಒಳ್ಳೆಯ ಸುದ್ದಿ, ಗೀರು ಕ್ಲಿಯರ್ ಕೋಟ್‌ನ ಮೇಲ್ಭಾಗದಲ್ಲೇ ಇದೆ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಂಡರೆ ಗೀರು ಆಳ. ಅದನ್ನು ಪೂರ್ತಿ ತೆಗೆಯಲು ಹೋಗಬಾರದು, ಅಂಚು ಸ್ವಲ್ಪ ನಯ ಮಾಡಿ ಬಿಟ್ಟುಬಿಡಬೇಕು.

ಟೂತ್‌ಪೇಸ್ಟ್ ಬಗ್ಗೆ ಕೇಳುವವರು ತುಂಬಾ ಜನ. ಕೆಲಸ ಮಾಡುವುದೇ ಇಲ್ಲ ಅಂತ ಹೇಳಲಾರೆ, ಅದರಲ್ಲೂ ಉಜ್ಜುವ ಪುಡಿ ಇದೆ. ಆದರೆ ಆ ಪುಡಿ ಹಲ್ಲಿಗೆ ಅಂತ ಮಾಡಿದ್ದು, ಕಾಳು ಎಷ್ಟು ದಪ್ಪ ಅನ್ನುವುದು ಒಂದೊಂದು ಪೇಸ್ಟಿಗೆ ಒಂದೊಂದು ಥರ. ಕೊಬ್ಬರಿ ಎಣ್ಣೆ, ಡೀಸೆಲ್, ಡ್ಯಾಶ್‌ಬೋರ್ಡ್ ಪಾಲಿಶ್ ಇವೆಲ್ಲ ಗೀರನ್ನು ತುಂಬಿ ಮುಚ್ಚುತ್ತವೆ ಅಷ್ಟೇ. ಜೊತೆಗೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತವೆ.

ಈಗ ಕೆಲಸ. ಚಕ್ರ ಪೂರ್ತಿ ತಣ್ಣಗಾಗಿರಬೇಕು, ನೆರಳಲ್ಲಿರಬೇಕು. ಬಿಸಿ ಚಕ್ರದ ಮೇಲೆ ಶಾಂಪೂ ಆಗಲಿ ಕ್ಲೀನರ್ ಆಗಲಿ ಹಾಕಿದ ಕೂಡಲೇ ಒಣಗಿ ಕಲೆ ಕೂರುತ್ತದೆ. ಮೊದಲು ಜಾಸ್ತಿ ನೀರು, ಆಮೇಲೆ ಶಾಂಪೂ ಮತ್ತು ಮೆತ್ತನೆಯ ಬ್ರಷ್. ಮುಂದಿನ ಚಕ್ರಗಳಿಗೆ ಜಾಸ್ತಿ ಹೊತ್ತು ಬೇಕು, ಬ್ರೇಕ್ ಹಾಕಿದಾಗ ಹೆಚ್ಚು ಕೆಲಸ ಮುಂದಿನವೇ ಮಾಡುವುದು. ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇದ್ದರೆ ಧೂಳು ಒಳಗೇ ಉಳಿಯುತ್ತದೆ, ಹಿಂದಿನ ವೀಲ್ ಅಷ್ಟು ಕೊಳೆಯಾಗುವುದಿಲ್ಲ. ತೊಳೆದ ಮೇಲೂ ಕಂದು ಚುಕ್ಕೆಗಳು ಉಳಿದರೆ ಅದು ಬಿಸಿಯಲ್ಲಿ ಪದರಕ್ಕೆ ಕಚ್ಚಿಕೊಂಡ ಕಬ್ಬಿಣದ ಪುಡಿ. ಅದಕ್ಕೆ ಐರನ್ ರಿಮೂವರ್ ಅಂತ ಸಿಗುತ್ತದೆ. ಸಿಂಪಡಿಸಿ ಒಂದೆರಡು ನಿಮಿಷ ಬಿಟ್ಟರೆ ಒಂದೊಂದು ಚುಕ್ಕೆಯಿಂದಲೂ ನೇರಳೆ ಬಣ್ಣದ ಗೆರೆ ಇಳಿಯಲು ಶುರುವಾಗುತ್ತದೆ. ನೋಡಲು ಮಜಾ, ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಮೂಗು ಮುಚ್ಚಿಕೊಂಡು, ಗ್ಲೌಸ್ ಹಾಕಿಕೊಂಡು, ಒಣಗುವ ಮೊದಲೇ ನೀರು ಹೊಡೆಯಿರಿ. ಸರ್ವಿಸ್ ಸೆಂಟರ್‌ಗಳಲ್ಲಿ ಕೆಲವರು ಬಳಸುವ ಆಸಿಡ್ ನನಗೆ ಬೇಡವೇ ಬೇಡ. ಎರಡು ನಿಮಿಷದಲ್ಲಿ ಬೆಳ್ಳಗೆ ಮಾಡುತ್ತದೆ ನಿಜ, ಆದರೆ ಕ್ಲಿಯರ್ ಕೋಟ್ ಮಂಕಾಗುತ್ತದೆ, ಎಲ್ಲಾದರೂ ಪದರ ಬಿರುಕು ಬಿಟ್ಟಿದ್ದರೆ ಲೋಹವನ್ನೇ ತಿನ್ನುತ್ತದೆ.

ಇಷ್ಟು ಮಾಡದೆ ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ಪೇಸ್ಟ್) ಹಚ್ಚಿದರೆ ಉಳಿದ ಪುಡಿಯೇ ಹೊಸ ಗೀರು ಹಾಕುತ್ತದೆ.

ಒರೆಸಿ ಒಣಗಿಸಿದ ಮೇಲೆ ಟೈರ್ ಅಂಚಿಗೆ, ವಾಲ್ವ್‌ಗೆ, ಮಧ್ಯದ ಲೋಗೋಗೆ ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಸ್ಪಾಂಜ್ ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ಫೈನ್ ಕಾಂಪೌಂಡ್ ತಗೊಂಡು ಒಂದು ಸ್ಪೋಕ್ ಮಾತ್ರ. ಅಂಗೈ ಅಗಲಕ್ಕಿಂತ ಜಾಸ್ತಿ ಜಾಗ ಒಟ್ಟಿಗೆ ಹಿಡಿಯುವುದಿಲ್ಲ. ಶುರುವಿನಲ್ಲಿ ಕಾಂಪೌಂಡ್ ಬಿಳಿ ಕೆನೆಯಾಗಿ, ಬೆರಳಿಗೆ ಸಣ್ಣಗೆ ತರಿ ತರಿ ಅನ್ನಿಸುತ್ತದೆ. ಮೇಲೆ ಕೆಳಗೆ, ಆಮೇಲೆ ಅಡ್ಡ, ಮಧ್ಯಮ ಒತ್ತಡದಲ್ಲಿ ತಿಕ್ಕುತ್ತಾ ಹೋದರೆ ತರಿ ಕಡಿಮೆಯಾಗಿ, ಕೆನೆ ತೆಳುವಾಗಿ, ಕೊನೆಗೆ ಎಣ್ಣೆ ಸವರಿದ ಹಾಗೆ ಪಾರದರ್ಶಕವಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಒಣಗಿದ ಮೇಲೆ ತಿಕ್ಕಿದರೆ ಪ್ಯಾಡ್ ಎಳೆಯುತ್ತದೆ, ಕಿರ್ ಅನ್ನುತ್ತದೆ, ಹೊಳಪೂ ಬರುವುದಿಲ್ಲ. ಸ್ಪೋಕ್ ಸಂದಿಗೆ ಬೆರಳಿಗೆ ಸುತ್ತಿದ ಮೈಕ್ರೋಫೈಬರ್ ಬಟ್ಟೆಯೇ ಸರಿ. ಡ್ರಿಲ್‌ಗೆ ಸಿಕ್ಕಿಸುವ ಸಣ್ಣ ಸ್ಪಾಂಜ್ ಪ್ಯಾಡ್ ನನ್ನ ಹತ್ತಿರವೂ ಇದೆ, ಚಪ್ಪಟೆ ಜಾಗಕ್ಕೆ ಕಡಿಮೆ ವೇಗದಲ್ಲಿ ಬಳಸುತ್ತೇನೆ. ಸ್ಪೋಕ್‌ನ ಚೂಪು ಅಂಚಿನ ಹತ್ತಿರ ಅದನ್ನು ತರಲೇಬಾರದು. ಅಂಚಿನಲ್ಲೇ ಕ್ಲಿಯರ್ ಕೋಟ್ ಎಲ್ಲಕ್ಕಿಂತ ತೆಳುವಾಗಿರುತ್ತದೆ.

ಆಯ್ತು ಅಂತ ಖುಷಿ ಪಡುವ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಕಾಂಪೌಂಡ್‌ನಲ್ಲಿರುವ ಎಣ್ಣೆ ಗೀರನ್ನು ಮರೆಮಾಡಿರುತ್ತದೆ, ಅದು ಹೋದ ಮೇಲೆ ನಿಜ ಏನು ಅಂತ ಕಾಣುತ್ತದೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ.

ಇನ್ನೂ ಗೀರು ಉಳಿದಿದ್ದರೆ, ಅದೂ ಉಗುರಿಗೆ ಸಿಗದಂಥದ್ದಾದರೆ, ವಾಟರ್ ಪೇಪರ್, ಅಂದರೆ ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ. 2000 ನಂಬರ್, ಆಮೇಲೆ 3000. ಹತ್ತು ನಿಮಿಷ ಸೋಪು ನೀರಲ್ಲಿ ನೆನೆಸಿ, ಪೆನ್ಸಿಲ್ ಅಳಿಸುವ ರಬ್ಬರ್‌ಗೆ ಸುತ್ತಿ, ಗೀರಿನ ಮೇಲೆ ಮಾತ್ರ ನಾಲ್ಕೈದು ಸಲ ಹಗುರವಾಗಿ ಎಳೆಯುತ್ತೇನೆ. ಆ ಜಾಗ ಹಾಲಿನ ಥರ ಮಬ್ಬಾಗುತ್ತದೆ, ಗಾಬರಿ ಬೇಡ, 3000 ಮತ್ತು ಕಾಂಪೌಂಡ್ ಆದ ಮೇಲೆ ಹೊಳಪು ವಾಪಸ್ ಬರುತ್ತದೆ. 1000ಕ್ಕಿಂತ ಒರಟು ಪೇಪರ್ ಪೇಂಟ್ ಹೊಡೆಯುವವರಿಗೆ, ನಮಗಲ್ಲ.

ಕ್ಲಿಯರ್ ಕೋಟ್ ಇಲ್ಲದ ವೀಲ್ ಕಥೆಯೇ ಬೇರೆ. ಕುಂದಾಪುರದ ನಮ್ಮ ಭಾವನ ಹಳೇ ಜೀಪಿಗೆ ಪಾಲಿಶ್ ಮಾಡಿದ ಬರೀ ಅಲ್ಯೂಮಿನಿಯಂ ವೀಲ್. ಆಟೋಸೋಲ್ ಅನ್ನುವ ಮೆಟಲ್ ಪಾಲಿಶ್ ಹಾಕಿ ಉಜ್ಜುತ್ತಿದ್ದಾಗ ಬಟ್ಟೆ ಮಸಿಯಾಯಿತು. "ಎಂತ ಮಾರಾಯ, ಇಷ್ಟು ಕೊಳೆ ಉಂಟಾ ಇದರಲ್ಲಿ!" ಅಂದರು. ಕೊಳೆ ಅಲ್ಲ, ಅದು ಅಲ್ಯೂಮಿನಿಯಂ ಮತ್ತು ಅದರ ಮೇಲೆ ಕೂತ ಆಕ್ಸೈಡ್. ಎಷ್ಟು ಉಜ್ಜಿದರೂ ಕಪ್ಪು ಬರುತ್ತಲೇ ಇರುತ್ತದೆ, ಆದ್ದರಿಂದ ಬಟ್ಟೆ ಬೆಳ್ಳಗಾಗುವ ತನಕ ಅಂತ ಕಾಯಬೇಡಿ, ಮುಖ ಕಾಣುವಷ್ಟು ಹೊಳಪು ಬಂದರೆ ಸಾಕು. ಕನ್ನಡಿ ಹೊಳಪು ಇಂಥ ವೀಲ್‌ಗೇ ಚೆನ್ನಾಗಿ ಬರುವುದು, ಬೇಗ ಮಂಕಾಗುವುದೂ ಇದೇ. ಕರಾವಳಿಯ ಉಪ್ಪು ಗಾಳಿ, ಮಳೆಗಾಲ ಎರಡೂ ಸೇರಿದರೆ ಕೇಳುವುದೇ ಬೇಡ.

ಎರಡೂ ಥರದ ವೀಲ್‌ಗೆ ಕೊನೆಗೆ ಸೀಲೆಂಟ್ ಬೇಕು, ಅಂದರೆ ಹೊಳಪು ಕಾಪಾಡಲು ಮೇಲೆ ಸವರುವ ಪದರ. ಕಾರ್ನೌಬಾ ವ್ಯಾಕ್ಸ್ ಕಾರಿನ ಮೈಗೆ ಚೆಂದ, ಆದರೆ ಅದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಘಾಟಿ ಇಳಿಯುವಾಗ ಬ್ರೇಕಿನ ಬಿಸಿಗೆ ಮುಂದಿನ ಚಕ್ರದ ಹತ್ತಿರ ಅದು ಎಷ್ಟು ದಿನ ಬಾಳಬೇಕು ಹೇಳಿ? ವೀಲ್‌ಗೆ ಅಂತಲೇ ಬರುವ ಪಾಲಿಮರ್ ಅಥವಾ ಸೆರಾಮಿಕ್ ಸೀಲೆಂಟ್ ತಗೊಳ್ಳಿ. ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರಬೇಕು, ನೇರ ಚಕ್ರಕ್ಕೆ ಹೊಡೆಯಬಾರದು. ಒಂದು ಹನಿಯೂ ಬ್ರೇಕ್ ಡಿಸ್ಕ್ ಮೇಲೆ ಬೀಳಬಾರದು, ಬ್ರೇಕ್ ಹಿಡಿಯುವುದಿಲ್ಲ. ಇದನ್ನು ಮಾತ್ರ ತಮಾಷೆಗೆ ತಗೊಳ್ಳಬೇಡಿ.

ಆಮೇಲೆ ಹೊಳಪು ಉಳಿಸಿಕೊಳ್ಳುವುದು ಸುಲಭ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ, ಅದು ಕಾರಿನ ಮೈ ಒರೆಸಲು ಹೋಗುವ ಹಾಗಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತಲ್ಲ, ಆಗಿನಿಂದ ಪೈಪ್ ಹಿಡಿಯುವುದನ್ನೇ ಬಿಟ್ಟೆ. ಸೀಲೆಂಟ್ ಇದ್ದ ಚಕ್ರಕ್ಕೆ ಅರ್ಧ ಬಕೆಟ್ ಸಾಕಾಗುತ್ತದೆ, ಧೂಳು ಕಚ್ಚಿಕೊಂಡೇ ಇರುವುದಿಲ್ಲ. ಬೋರ್‌ವೆಲ್ ನೀರಾದರೆ ತೊಳೆದ ಕೂಡಲೇ ಒರೆಸಬೇಕು, ಇಲ್ಲದಿದ್ದರೆ ಬಿಳಿ ಉಪ್ಪಿನ ಚುಕ್ಕೆ ಗ್ಯಾರಂಟಿ. ಕೂತ ಚುಕ್ಕೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಸವರಿ, ಕೂಡಲೇ ತೊಳೆದುಬಿಡಿ. ಬರೀ ಲೋಹದ ವೀಲ್‌ಗೆ ಅದೂ ಬೇಡ.

ವೀಲ್ ಒಳಭಾಗ ಉಜ್ಜುವಾಗ ಅಲ್ಲಿ ಅಂಟಿಸಿರುವ ಸಣ್ಣ ತೂಕದ ಬಿಲ್ಲೆಗಳನ್ನು ಕೀಳಬೇಡಿ. ಅವು ಬ್ಯಾಲೆನ್ಸಿಂಗ್‌ಗೆ ಹಾಕಿದ್ದು, ಬಿದ್ದರೆ ಹೈವೇಯಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಫುಟ್‌ಪಾತಿಗೆ ತಾಗಿ ಅಂಚು ಕಿತ್ತುಹೋದ ಡೈಮಂಡ್ ಕಟ್ ವೀಲ್ ಮನೆಯಲ್ಲಿ ಆಗುವ ಕೆಲಸ ಅಲ್ಲ, ಲೇತ್ ಬೇಕು, ಅದೂ ಪ್ರತಿ ಸಲ ಲೋಹ ಕೊರೆಯುವುದರಿಂದ ಮತ್ತೆ ಮತ್ತೆ ಮಾಡಿಸಲು ಬರುವುದಿಲ್ಲ. ಉಜ್ಜುತ್ತಿರುವಾಗ ಕೂದಲೆಳೆಯಂಥ ಬಿರುಕು ಕಂಡರೆ ಪಾಲಿಶ್ ಡಬ್ಬ ಮುಚ್ಚಿ, ಸ್ಟೆಪ್ನಿ ಹಾಕಿಕೊಂಡು ಟೈರ್ ಅಂಗಡಿಗೆ ಹೋಗಿ ತೋರಿಸಿ.